ಶಿವರಂಜಿನಿ ಮತ್ತು ಅಡ್ಡಹೆಸರುಗಳ ಪಟ್ಟಿ

ಆಸ್ಪತ್ರೆಗೆ ಇಪ್ಪತ್ತು ವರ್ಷ ತುಂಬಿತೆಂದು ಸ್ಮರಣ ಸಂಚಿಕೆ ತರುತ್ತಿದ್ದಾರೆ. ಅದಕ್ಕೆ ಶಿವರಂಜಿನಿಯ ಬಗ್ಗೆ ಎರಡು ಪುಟ ಬರೆದುಕೊಡಬೇಕೆಂದು ನನಗೇ ಹೇಳಿಕಳಿಸಿದ್ದಾರೆ. ಬರೆಯಲು ಬೇರೆ ಯಾರೂ ಸಿಗಲಿಲ್ಲವೋ, ಕಾರ್ಯದರ್ಶಿ ಮರಿಮಲ್ಲಪ್ಪನವರು ಬೇಕೆಂದೇ ನನ್ನ ತಲೆಗೆ ಕಟ್ಟಿದರೋ ಗೊತ್ತಿಲ್ಲ. ಬರೆಯುತ್ತೇನೆ. ಆದರೆ ಮೊದಲೇ ಹೇಳಿಬಿಡುತ್ತೇನೆ, ಆ ಹುಡುಗಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅದನ್ನು ಬಿಟ್ಟು ಬರೆದರೆ ಸುಳ್ಳಾಗುತ್ತದೆ. ಇಟ್ಟು ಬರೆದರೆ ಅಚ್ಚು ಹಾಕುತ್ತಾರೋ ಇಲ್ಲವೋ ಅವರಿಷ್ಟ.

ನಾನು ಕುಮಾರಸ್ವಾಮಿ, ಕುದೇರಿನವನು. ಚಾಮರಾಜನಗರದ ಈ ಸಣ್ಣ ಕಣ್ಣಿನ ಆಸ್ಪತ್ರೆ ಶುರುವಾದ ವರ್ಷದಿಂದ ಫೈಲ್ ರೂಮು ನನ್ನದಾಗಿತ್ತು. ಅಲ್ಲಿ ಒಂದು ಕಿಟಕಿ ಇದೆ. ರೋಗಿ ಹೊರಗಡೆ ನಿಂತು ಹೆಸರು ಹೇಳಬೇಕು, ನಾನು ಒಳಗಡೆಯಿಂದ ಅವರ ಹಳೆಯ ಫೈಲು ತೆಗೆದು ಡಾಕ್ಟರ ಟೇಬಲ್ಲಿಗೆ ಕಳಿಸಬೇಕಿತ್ತು. ಕೇಳಿದರೆ ಸುಲಭದ ಕೆಲಸ. ಆದರೆ ನಮ್ಮ ಸೀಮೆಯಲ್ಲಿ ಮಗು ಹುಟ್ಟಿದರೆ ಹೆಸರು ಹುಡುಕುವ ಕಷ್ಟವೇ ಇಲ್ಲ, ಬೆಟ್ಟದ ಮೇಲೆ ಮಾದಪ್ಪ ಇದ್ದಾನೆ. ಗಂಡಾದರೆ ಮಾದಪ್ಪ, ಮಾದಯ್ಯ, ಮಹದೇವಸ್ವಾಮಿ. ಹೆಣ್ಣಾದರೆ ಮಾದಮ್ಮ, ದೊಡ್ಡಮಾದಮ್ಮ, ಪುಟ್ಟಮಾದಮ್ಮ. ಉಡಿಗಾಲ ಒಂದೇ ಊರಿನಿಂದ ನಮ್ಮಲ್ಲಿಗೆ ಬರುವ ಪುಟ್ಟಮಾದಮ್ಮಂದಿರು ಹದಿನಾಲ್ಕು ಜನ. ನಾವು ಬರೆದುಕೊಟ್ಟ ಚೀಟಿಯನ್ನು ಅವರು ಎಲೆಅಡಿಕೆ ಸುತ್ತಲು ಬಳಸಿಬಿಟ್ಟಿರುತ್ತಾರೆ. ವಯಸ್ಸು ಕೇಳಿದರೆ ಅರವತ್ತೋ ಎಪ್ಪತ್ತೋ ಎನ್ನುತ್ತಾರೆ. ಹದಿನಾಲ್ಕರಲ್ಲಿ ಯಾವ ಪುಟ್ಟಮಾದಮ್ಮ ಎಂದು ಹೇಳುವವನು ನಾನೊಬ್ಬನೇ ಇದ್ದೆ.

ಊರಿನವರಿಗೆ ಈ ತೊಂದರೆ ಇಲ್ಲ. ಅವರು ಮನೆಯ ಅಡ್ಡಹೆಸರು ಹಿಡಿದು ಕರೆಯುತ್ತಾರೆ. ಬಾವಿ ಮನೆ ಪುಟ್ಟಮಾದಮ್ಮ, ಉಗ್ಗನ ಮನೆ ಪುಟ್ಟಮಾದಮ್ಮ, ಕೋಳಿ ಕದ್ದೋರ ಮನೆ ಪುಟ್ಟಮಾದಮ್ಮ. ಹದಿನಾರು ವರ್ಷ ಕಿಟಕಿಯ ಹಿಂದೆ ಕೂತು ಸಾಲಿನಲ್ಲಿ ನಿಂತವರ ಮಾತು ಕೇಳಿಸಿಕೊಂಡು, ಸುತ್ತಲಿನ ಎಪ್ಪತ್ತು ಎಂಬತ್ತು ಊರುಗಳ ಅಡ್ಡಹೆಸರುಗಳನ್ನೆಲ್ಲ ನಾನು ತಲೆಗೆ ಹಾಕಿಕೊಂಡಿದ್ದೆ. ಒಂದನ್ನೂ ಬರೆದಿಟ್ಟಿರಲಿಲ್ಲ. ಡಾಕ್ಟರು ಬೃಂದಾ ಮೇಡಂ ಒಮ್ಮೆ, ‘ಕುಮಾರಸ್ವಾಮಿ ರಜಾ ಹಾಕಿದರೆ ಆಸ್ಪತ್ರೆಗೂ ರಜಾ’ ಎಂದಿದ್ದರು. ಆ ಮಾತನ್ನು ನಾನು ಮನೆಯಲ್ಲಿ ಎಷ್ಟು ಸಲ ಹೇಳಿದೆನೆಂದರೆ ನನ್ನ ಹೆಂಡತಿ ಕೊನೆಗೆ ಎದ್ದು ಅಡುಗೆಮನೆಗೆ ಹೋಗತೊಡಗಿದಳು.

ಎರಡು ಸಾವಿರದ ಐದರಲ್ಲಿ ಆಸ್ಪತ್ರೆಗೆ ಮೈಸೂರಿನ ದಾನಿಯೊಬ್ಬರಿಂದ ಒಂದು ಹಳೆಯ ಕಂಪ್ಯೂಟರ್ ಬಂತು. ಅದರ ಹಿಂದೆಯೇ ಗುಂಡ್ಲುಪೇಟೆಯಿಂದ ಶಿವರಂಜಿನಿ ಬಂದಳು. ಇಪ್ಪತ್ತೊಂದು ವರ್ಷ, ಎಣ್ಣೆ ಹಾಕಿ ಬಿಗಿದ ಜಡೆ, ಸ್ಟೀಲ್ ಟಿಫನ್ ಕ್ಯಾರಿಯರು. ಅವಳ ಅಪ್ಪ ಕೇರಳಕ್ಕೆ ಹೋಗುವ ಲಾರಿಗಳಿಗೆ ತರಕಾರಿ ಲೋಡ್ ಮಾಡುವವರು. ಅವರ ಬೀದಿಯಲ್ಲಿ ಸುಲ್ತಾನ್ ಬತ್ತೇರಿಯವನೊಬ್ಬ ಇಂಟರ್ನೆಟ್ ಸೆಂಟರ್ ಇಟ್ಟಿದ್ದನಂತೆ. ಅಲ್ಲಿ ಕಸ ಗುಡಿಸಿಕೊಂಡೇ, ಕಂಪ್ಯೂಟರ್ ನಡೆಸಲು ಪುಕ್ಕಟೆ ಸಿಗುವ ಲಿನಕ್ಸ್ ಕಲಿತಳಂತೆ. ದುಡ್ಡು ಕೊಟ್ಟು ವಿಂಡೋಸ್ ಹಾಕಿಸುವ ಶಕ್ತಿ ನಮ್ಮ ಟ್ರಸ್ಟಿಗೂ ಇರಲಿಲ್ಲವಾದ್ದರಿಂದ ಇವಳೇ ಸರಿ ಎಂದು ಮರಿಮಲ್ಲಪ್ಪನವರು ಕರೆತಂದರು. ಬೇರೆ ಕಡೆ ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ಚಿತ್ರ ಬರುತ್ತವೆ. ಇವಳದು ಕಪ್ಪು ಪರದೆ, ಅದರ ಮೇಲೆ ಬಿಳಿಯ ಇಂಗ್ಲಿಷ್ ಅಕ್ಷರ. ಏನು ಬೇಕೋ ಅದನ್ನು ಬರೆದು ಎಂಟರ್ ಒತ್ತಬೇಕು. ಆ ಬರಹವನ್ನು ಓದಿ ಕೆಲಸ ಮಾಡುವುದಕ್ಕೆ ಶೆಲ್ ಎನ್ನುತ್ತಾರೆ ಎಂದಳು. ನಾನು ಕೇಳಿರಲಿಲ್ಲ, ಅವಳಾಗಿಯೇ ಹೇಳಿದಳು.

ವರ್ಷವಿಡೀ ಕೂತು ನನ್ನ ಫೈಲುಗಳ ಹೆಸರು, ಊರು, ನಂಬರುಗಳನ್ನೆಲ್ಲ ಅದರೊಳಗೆ ತುಂಬಿದಳು. ‘ನೋಡು’ ಎಂದು ತನ್ನದೇ ಒಂದು ಆಜ್ಞೆ ಮಾಡಿಕೊಂಡಿದ್ದಳು. ನೋಡು ಎಂದು ಬರೆದು, ರೋಗಿಯ ಹೆಸರಿನ ಮೊದಲ ಎರಡು ಮೂರು ಅಕ್ಷರ ಒತ್ತಿ, ಎಡಗಡೆಯ ಟ್ಯಾಬ್ ಕೀ ಒತ್ತಿದರೆ ಉಳಿದದ್ದನ್ನು ಅದೇ ತುಂಬಿಕೊಂಡು ಫೈಲಿನ ನಂಬರು ತೋರಿಸಬೇಕು. ಹಾಗಂತ ಅವಳ ಲೆಕ್ಕಾಚಾರ. ಕಿಟಕಿಯ ಪಕ್ಕದಲ್ಲೇ ಅವಳಿಗೊಂದು ಮೇಜು ಹಾಕಿಕೊಟ್ಟರು.

ಮೊದಲ ದಿನ ಬಂದವರು ಪುಟ್ಟಮಾದಮ್ಮನೇ. ಇವಳು ಮೂರಕ್ಷರ ಬರೆದು ಟ್ಯಾಬ್ ಒತ್ತಿದಳು. ಕಂಪ್ಯೂಟರು ‘ಟುಂಯ್’ ಎಂದಿತು. ಮತ್ತೆ ಒತ್ತಿದಳು. ಇನ್ನೂರ ಹದಿನೆಂಟು ಇವೆ, ಎಲ್ಲವನ್ನೂ ತೋರಿಸಲೇ ಎಂದು ಕೇಳಿತು. ತೋರಿಸು ಎಂದರೆ ಪರದೆ ತುಂಬ ಪುಟ್ಟಮಾದಮ್ಮಂದಿರು ಹರಿದು ಮೇಲೆ ಹೋದರು. ಅಷ್ಟರಲ್ಲಿ ನಾನು, ‘ಉಗ್ಗನ್ ಮನೆಯೋರಲ್ವಾ?’ ಎಂದು ಸಾಲಿನಲ್ಲಿ ಪಕ್ಕಕ್ಕಿದ್ದವಳನ್ನು ಕೇಳಿ ಫೈಲು ತೆಗೆದು ಕೊಟ್ಟಾಗಿತ್ತು. ಆಮೇಲೆ ಮೂರು ವಾರ ಆ ಟುಂಯ್ ಶಬ್ದ ಕೇಳಿದಾಗಲೆಲ್ಲ ನನಗೆ ಒಂದು ಲೋಟ ಕಾಫಿ ಕುಡಿದಷ್ಟು ಹಿತವಾಗುತ್ತಿತ್ತು. ‘ಏನಂತದಮ್ಮಿ ನಿನ್ ಗಂಟೆ?’ ಎಂದು ಒಳಗಿನಿಂದಲೇ ಕೂಗುತ್ತಿದ್ದೆ. ಅವಳು ನಗುತ್ತಿದ್ದಳು. ಸಿಟ್ಟಾಗಿದ್ದರೆ ನನಗೆ ಇನ್ನೂ ಚೆನ್ನಾಗಿರುತ್ತಿತ್ತು.

ನಾಲ್ಕನೆಯ ವಾರ ಗಂಟೆ ನಿಂತಿತು. ಕೇಳಿದರೆ, ಕಂಪ್ಯೂಟರಿನೊಳಗಿನ ಒಂದು ಕಡತದಲ್ಲಿ ಒಂದು ಸಾಲು ಬರೆದೆ ಕಣಣ್ಣ ಎಂದಳು. ಇನ್ನೊಂದು ಸಾಲಿನಲ್ಲಿ ದೊಡ್ಡಕ್ಷರ ಸಣ್ಣಕ್ಷರ ಯಾವುದು ಒತ್ತಿದರೂ ಒಂದೇ ಎಂದು ಮಾಡಿದ್ದಳು. ಮತ್ತೊಂದರಲ್ಲಿ ಟ್ಯಾಬನ್ನು ಎರಡು ಸಲ ಒತ್ತುವ ಕೆಲಸ ತಪ್ಪಿಸಿ ಒಂದೇ ಸಲಕ್ಕೆ ಪಟ್ಟಿ ಬರುವ ಹಾಗೆ ಮಾಡಿದ್ದಳು. ಟ್ಯಾಬ್ ಒತ್ತಿದರೆ ಏನು ತುಂಬಬೇಕು ಎನ್ನುವುದನ್ನು ಕೂಡ ನಾವೇ ಬರೆದುಕೊಡಬಹುದಂತೆ. ಮೊದಲನೇ ಟ್ಯಾಬಿಗೆ ಊರು, ಎರಡನೇ ಟ್ಯಾಬಿಗೆ ಆ ಊರಿನವರ ಹೆಸರು ಮಾತ್ರ ಬರುವಂತೆ ಅದಕ್ಕೆ ಪಾಠ ಹೇಳಿದ್ದಳು. ಇನ್ನೂರ ಹದಿನೆಂಟು ಪುಟ್ಟಮಾದಮ್ಮಂದಿರು ಹದಿನಾಲ್ಕಕ್ಕೆ ಇಳಿದರು. ನನ್ನ ಎದೆಯೂ ಅಷ್ಟೇ ಇಳಿಯಿತು.

ಒಂದು ಮಧ್ಯಾಹ್ನ ನೋಟ್‌ಬುಕ್ಕು ಹಿಡಿದುಕೊಂಡು ಬಂದಳು.

‘ಕುಮಾರಣ್ಣ, ಊರು ಆದ್ಮೇಲೆ ಮನೆ, ಮನೆ ಆದ್ಮೇಲೆ ಎಸ್ರು ಅಂತ ಮಾಡ್ಬುಟ್ರೆ ಒಬ್ರೇ ಉಳೀತಾರೆ. ಮನೆ ಎಸ್ರುಗಳೆಲ್ಲ ನಿಮ್ಗೆ ಗೊತ್ತಲ್ಲ. ಯೇಳಿ, ಬರ್ಕೊತೀನಿ.’

‘ಅದೆಲ್ಲ ಬರ್ಕೊಳಾದಲ್ಲ ಕಣಮ್ಮಿ’ ಎಂದೆ. ‘ಕೂತು ಕೂತು ಬರೋದು. ನಂಗೆ ಅದ್ನಾರು ವರ್ಸ ಇಡೀತು.’

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನನ್ನ ಮಡಕೆಯನ್ನು ನಾನೇ ಒಯ್ದು ದೊಣ್ಣೆಯ ಮುಂದೆ ಇಡಲೇ? ಕೊಡಲಿಲ್ಲ.

ಅವಳು ರೋಗಿಗಳನ್ನೇ ಕೇಳತೊಡಗಿದಳು. ‘ನಿಮ್ದು ಯಾವ ಮನೆ ಅಂತಾರವ್ವ?’ ಎಲ್ಲರೂ ಸೆರಗು ಸರಿಮಾಡಿಕೊಂಡು ಉತ್ತರ ಹೇಳುತ್ತಿದ್ದರು. ಅವಳು ಗುಬ್ಬಿಯ ಹಾಗೆ ಟಕಟಕ ಬರೆದುಕೊಳ್ಳುತ್ತಿದ್ದಳು. ಒಂದು ತಿಂಗಳ ನಂತರ ಉಡಿಗಾಲ ಎಂದು ಬರೆದು ಟ್ಯಾಬ್ ಒತ್ತಿದರೆ ಅರವತ್ತೊಂದು ದೊಡ್ಡಮನೆ, ನಲವತ್ತು ಯಜಮಾನರ ಮನೆ, ಇಪ್ಪತ್ತೇಳು ಪಟೇಲರ ಮನೆ ಬಂದವು. ಕೋಳಿ ಕದ್ದೋರ ಮನೆ ಒಂದೂ ಇಲ್ಲ. ನಾನು ಕುರ್ಚಿಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ‘ಯಾಕ್ ನಗ್ತೀರಣ್ಣ?’ ಎಂದಳು. ಅಲ್ಲೇ ನಾನು ಕೆಟ್ಟೆ. ಜಂಬದ ಬಾಯಿಗೆ ಬೀಗ ಇಲ್ಲ.

‘ತನ್ ಅಡ್ಡೆಸ್ರ ಯಾರಾರ ತಾನೇ ಯೇಳ್ಕಂಡಾರ? ಅದು ಬೆನ್ನಿಂದೆ ಕರಿಯೋ ಎಸ್ರು. ಎಷ್ಟೋ ಜನಕ್ಕೆ ತಮ್ದೇನು ಅಂತ್ಲೇ ಗೊತ್ತಿರಕಿಲ್ಲ’ ಎಂದುಬಿಟ್ಟೆ.

ಅವಳು ತಲೆಯಾಡಿಸಿದಳು. ಮಾರನೆಯ ದಿನದಿಂದ ರೋಗಿಯನ್ನು ಕೇಳುವುದನ್ನು ಬಿಟ್ಟಳು. ಅವರು ಡಾಕ್ಟರ ಕೋಣೆಗೆ ಹೋಗುವವರೆಗೆ ಕಾದು, ಸಾಲಿನಲ್ಲಿ ಹಿಂದೆ ನಿಂತ ಅದೇ ಊರಿನವರನ್ನು ಮೆತ್ತಗೆ ಕೇಳುತ್ತಿದ್ದಳು: ‘ಈಗ್ ವೋದ್ರಲ್ಲ, ಅವ್ರನ್ನ ನೀವೇನಂತ ಕರೀತೀರಿ?’ ಅವರು ಹಲ್ಲು ಬಿಟ್ಟುಕೊಂಡು ಹೇಳುತ್ತಿದ್ದರು. ನನಗೆ ಹದಿನಾರು ವರ್ಷ ಹಿಡಿದದ್ದು ಅವಳಿಗೆ ಹತ್ತು ತಿಂಗಳು ಹಿಡಿಯಿತು. ಅದರ ಬೀಗದಕೈ ಕೊಟ್ಟವನು ನಾನೇ.

ಆ ಚಳಿಗಾಲದ ಹೊತ್ತಿಗೆ ರೋಗಿಗಳು ನನ್ನ ಕಡೆ ತಿರುಗುವುದನ್ನೇ ಬಿಟ್ಟರು. ಊರು, ಟ್ಯಾಬ್, ಮನೆ, ಟ್ಯಾಬ್, ಹೆಸರು. ನಾನು ಬಾಯಿ ತೆರೆಯುವುದರೊಳಗೆ ಅವಳು ನಂಬರು ಕೂಗುತ್ತಿದ್ದಳು. ನಾನು ನಂಬರು ಹಿಡಿದು ಏಣಿ ಹತ್ತುವ ಆಳಾದೆ. ರಾತ್ರಿ ಊಟಕ್ಕೆ ಕೂತರೆ ಅನ್ನದಲ್ಲಿ ಅವಳ ಜಡೆ ಕಾಣುತ್ತಿತ್ತು. ಅವಳು ಬರುವ ಬಸ್ಸು ನಡುದಾರಿಯ ತೆರಕಣಾಂಬಿಯಲ್ಲಿ ಕೆಟ್ಟು ನಿಲ್ಲಲಿ ಎಂದು ಬೆಳಿಗ್ಗೆ ದೇವರ ಮುಂದೆ ನಿಂತು ಬೇಡಿಕೊಂಡದ್ದೂ ಉಂಟು. ಒಂದು ದಿನ ಬಸ್ಸು ನಿಜವಾಗಿಯೂ ಕೆಟ್ಟಿತು. ಅವಳು ಬೈಕಿನವರನ್ನು ಕೇಳಿಕೊಂಡು ಐದು ನಿಮಿಷ ಮುಂಚೆಯೇ ಬಂದಳು.

ಸಂಕ್ರಾಂತಿಗೆ ಮುಂಚೆ ಮರಿಮಲ್ಲಪ್ಪನವರು ಇಬ್ಬರನ್ನೂ ಕರೆದರು. ಗುಂಡ್ಲುಪೇಟೆಯಲ್ಲಿ ಕಣ್ಣು ಪರೀಕ್ಷೆಯ ಸಣ್ಣ ಕೇಂದ್ರ ತೆರೆಯುತ್ತೇವೆ, ಯುಗಾದಿಯಿಂದ ಕಿಟಕಿಗೆ ಒಬ್ಬರು ಸಾಕು, ಇನ್ನೊಬ್ಬರು ಅಲ್ಲಿಗೆ ಎಂದರು. ‘ಆಯಮ್ಮುನ್ ಊರೇ ಅದು, ಅವ್ಳನ್ನೇ ಕಳ್ಸಿ ಸಾರ್’ ಎಂದೆ. ‘ಯಾರ ಕೈಲಿ ತಪ್ಪು ಕಮ್ಮಿಯೋ ಅವರು ಇಲ್ಲಿರಲಿ’ ಎಂದರು. ಹೊಸ ಕೇಂದ್ರದಲ್ಲಿ ಹಳೆಯ ಫೈಲೂ ಇಲ್ಲ, ಗೊತ್ತಿರುವ ಮುಖವೂ ಇಲ್ಲ. ಈ ಕಿಟಕಿ ಬಿಟ್ಟರೆ ನಾನು ಯಾರು ಎಂದು ನನಗೇ ಗೊತ್ತಿರಲಿಲ್ಲ. ಅವಳ ಕೈಯಲ್ಲಿ ತಪ್ಪು ಆಗಲೇಬೇಕಿತ್ತು.

ಅದಕ್ಕೆ ಅವಕಾಶವನ್ನು ಅವಳೇ ತಂದುಕೊಟ್ಟಳು. ಉಡಿಗಾಲದ ಮೂವರು ಪುಟ್ಟಮಾದಮ್ಮಂದಿರು ಬಹಳ ದಿನದಿಂದ ಬಂದಿರಲಿಲ್ಲ. ಅವರದು ಯಾವ ಯಾವ ಮನೆ ಎಂದು ಹೇಳಿ ಎಂದು ನನ್ನ ಹತ್ತಿರ ಬಂದಳು. ಈ ಸಲ ನಾನು ಸಂತೋಷದಿಂದ ಹೇಳಿದೆ. ಬಾವಿ ಮನೆಯವಳ ನಂಬರಿಗೆ ಮೂಲೆ ಮನೆ, ಮೂಲೆ ಮನೆಯವಳ ನಂಬರಿಗೆ ಬಾವಿ ಮನೆ. ಒಬ್ಬಳದನ್ನು ಮಾತ್ರ ಅನುಮಾನ ಬಾರದಿರಲೆಂದು ಸರಿಯಾಗಿ ಹೇಳಿದೆ. ‘ತುಂಬಾ ಉಪ್ಕಾರ ಆಯ್ತಣ್ಣ’ ಎಂದಳು.

ಹತ್ತು ದಿನಕ್ಕೆ ಬಾವಿ ಮನೆ ಪುಟ್ಟಮಾದಮ್ಮ ಬಂದಳು. ಶಿವರಂಜಿನಿ ಟ್ಯಾಬ್ ಒತ್ತಿ ನಂಬರು ಕೂಗಿದಳು. ಅದು ಈಕೆಯ ಫೈಲಲ್ಲ ಎಂದು ಗೊತ್ತಿದ್ದೂ ನಾನೇ ಏಣಿ ಹತ್ತಿ ತೆಗೆದುಕೊಟ್ಟೆ. ಸ್ವಲ್ಪ ಹೊತ್ತಿಗೆ ಬೃಂದಾ ಮೇಡಂ ಫೈಲು ಹಿಡಿದುಕೊಂಡು ಕಿಟಕಿಯ ಹತ್ತಿರವೇ ಬಂದರು. ‘ಎಡಗಣ್ಣಿನ ಪೊರೆ ತೆಗೆದು ಮೂರು ವರ್ಷ ಆಯಿತು ಅಂತ ಇದರಲ್ಲಿದೆ. ಈಕೆಯ ಕಣ್ಣಲ್ಲಿ ಪೊರೆ ಬೆಳ್ಳಗೆ ಹಾಗೇ ಇದೆ. ನಾನು ನೋಡದೆ ಔಷಧಿ ಬರೆದಿದ್ದರೆ ಏನಮ್ಮ ಗತಿ?’ ಎಂದು ಸಾಲಿನವರೆಲ್ಲರ ಮುಂದೆ ಶಿವರಂಜಿನಿಯನ್ನು ಬೈದರು. ಅವಳ ಕಿವಿ ಕೆಂಪಾದವು. ಒಮ್ಮೆ ನನ್ನ ಕಡೆ ನೋಡಿದಳು. ಈಗ ನನ್ನ ಹೆಸರು ಹೇಳುತ್ತಾಳೆ ಎಂದುಕೊಂಡೆ.

‘ಬರ್ಕೊಳೋವಾಗ ನಂದೇ ತಪ್ಪಾಯ್ತು ಮೇಡಂ’ ಎಂದಳು.

ಅಲ್ಲಿಗೆ ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಬೈಸಿಕೊಂಡರೂ ಅವಳೇ ದೊಡ್ಡವಳಾದಳಲ್ಲ ಎಂದು ಇನ್ನಷ್ಟು ಉರಿದುಕೊಂಡೆ. ಒಂದು ತಪ್ಪು ಸಾಲದು, ಇನ್ನೊಂದು ಬೇಕು, ಅದೂ ಅವಳೇ ಮಾಡಿದ್ದಾಗಿರಬೇಕು ಎನಿಸಿತು.

ಯುಗಾದಿಗೆ ಹತ್ತು ದಿನವಿರುವಾಗ, ಅವಳು ಊಟಕ್ಕೆ ಹೋದ ಹೊತ್ತು ನೋಡಿ ಅವಳ ಕುರ್ಚಿಯಲ್ಲಿ ಕೂತೆ. ಟ್ಯಾಬ್ ಒತ್ತುವುದನ್ನು ಅವಳೇ ನನಗೆ ಕಲಿಸಿದ್ದಳು. ನೋಡು ಎಂದು ಬರೆದು ಕುದೇರು ಎಂದು ಒತ್ತಿದೆ. ನನ್ನ ಊರು, ನನ್ನ ಅಂಗೈ ಇದ್ದ ಹಾಗೆ. ಒಂದೊಂದೇ ಮನೆ ಓದಿಕೊಂಡು ಹೋದೆ. ಎಲ್ಲ ಸರಿ ಇತ್ತು, ಬಾಯಲ್ಲಿ ಆಡಬಾರದಂಥವೂ ಸರಿಯಾಗಿಯೇ ಇದ್ದವು. ಕೊನೆಗೆ ನಮ್ಮಮ್ಮ ಗುರುಮಲ್ಲಮ್ಮನ ಹೆಸರು ಸಿಕ್ಕಿತು. ಅದರ ಹಿಂದೆ ‘ಫೈಲ್ ಕುಮಾರಣ್ಣನ ಮನೆ’ ಎಂದಿತ್ತು. ಅಂಥ ಅಡ್ಡಹೆಸರು ಕುದೇರಿನಲ್ಲಿ ಇಲ್ಲವೇ ಇಲ್ಲ. ಯಾರ ಬಾಯಲ್ಲೂ ಒಂದು ದಿನ ಕೇಳಿಲ್ಲ. ನಮ್ಮದು ಮರ್ಯಾದಸ್ಥರ ಮನೆ, ನಮಗೆ ಅಡ್ಡಹೆಸರೇ ಇಲ್ಲ ಎಂದು ನಾನು ತಿಳಿದಿದ್ದೆ. ಕೇಳದೆ ತನ್ನ ಮನಸ್ಸಿಗೆ ಬಂದದ್ದನ್ನು ಬರೆದಿದ್ದಾಳೆ, ಇನ್ನೆಷ್ಟು ಹೀಗೆ ಬರೆದಿದ್ದಾಳೋ!

ಮಾರನೆಯ ಬೆಳಿಗ್ಗೆ ಮರಿಮಲ್ಲಪ್ಪನವರನ್ನು ಕಿಟಕಿಗೇ ಕರೆತಂದೆ. ಸಾಲು ನಿಂತಿತ್ತು. ‘ನೋಡಿ ಸಾರ್, ಇದು ಸುಳ್ಳು. ಕುದೇರ್ನಲ್ಲಿ ನಮ್ ಮನೆನ ಯಾರೂ ಇಂಗ್ ಕರಿಯಕಿಲ್ಲ’ ಎಂದು ಪರದೆ ತೋರಿಸಿದೆ.

ಶಿವರಂಜಿನಿ ಬೇಗನೆ ಎದ್ದು ನಿಂತಳು. ‘ಹೌದು ಸಾರ್, ನಂದೇ ತಪ್ಪು. ಈಗ್ಲೇ ಅಳಿಸ್ಬುಡ್ತೀನಿ.’

‘ಅಳ್ಸಾದ್ ಬ್ಯಾಡ’ ಎಂದೆ. ಸಾಲಿನಲ್ಲಿ ಮೂರನೆಯವಳಾಗಿ ನಮ್ಮ ಬೀದಿಯ ಚಿಕ್ಕಬಸಮ್ಮ ನಿಂತಿದ್ದಳು. ‘ಚಿಕ್ಕಬಸವ್ವ, ನೀನೇ ಯೇಳು. ನಮ್ ಮನೆಗೆ ಏನಾರ ಅಡ್ಡೆಸ್ರು ಅದಾ?’

ಚಿಕ್ಕಬಸಮ್ಮ ಸೆರಗಿನ ತುದಿ ಬಾಯಿಗೆ ಹಿಡಿದಳು. ‘ಅದ್ಯಾಕಪ್ಪ ಈಗ, ಬುಡು’ ಎಂದಳು. ಶಿವರಂಜಿನಿ, ‘ಬುಡಣ್ಣ, ಸಾಲು ನಿಂತದೆ’ ಎಂದಳು. ನಾನು ಬಿಡಲಿಲ್ಲ. ‘ಯೇಳವ್ವ, ಸಾವ್ಕಾರ್ರು ಕೇಳ್ತಾವ್ರೆ’ ಎಂದು ಗದರಿಸಿದೆ.

‘ನಾನಿಟ್ಟ ಎಸ್ರಲ್ಲ ಕಣಪ್ಪ’ ಎಂದಳು ಚಿಕ್ಕಬಸಮ್ಮ. ‘ನಿಮ್ಮಪ್ಪನ್ ಕಾಲ್ದಿಂದ್ಲೂ ಒಟ್ಟೆಕಿಚ್ಚಿನ್ ಬೀರಯ್ಯನ್ ಮನೆ ಅಂತ್ಲೇ ಅನ್ನಾದು. ಪಕ್ಕದ್ ಮನೆ ಎಮ್ಮೆ ಒಂದ್ ಸೇರು ಜಾಸ್ತಿ ಕರೀತದೆ ಅಂತ ನಿಮ್ಮಪ್ಪ ಬಂಗಾರ್ದಂತ ಎಮ್ಮೆನ ಸಂತೇಲಿ ಮಾರ್ಬುಟ್ನಲ್ಲ, ಅವತ್ನಿಂದ.’

ನಮ್ಮಪ್ಪ ಚಿಕ್ಕಬೀರಯ್ಯ ಎಮ್ಮೆಗೆ ರೋಗ ಬಂದಿತ್ತೆಂದು ನಮಗೆ ಹೇಳಿದ್ದ. ಸಾಲಿನಲ್ಲಿ ಕುದೇರಿನವರು ಇನ್ನೂ ನಾಲ್ಕು ಜನ ಇದ್ದರು. ಯಾರಾದರೂ ನಕ್ಕು, ಇವಳಿಗೆ ತಲೆ ಕೆಟ್ಟಿದೆ ಎಂದು ಹೇಳುತ್ತಾರೇನೋ ಎಂದು ನೋಡಿದೆ. ನಾಲ್ವರೂ ನೆಲ ನೋಡುತ್ತಿದ್ದರು. ಮರಿಮಲ್ಲಪ್ಪನವರು ತಮ್ಮ ಕೋಣೆಗೆ ಹೋದರು.

ಊಟದ ಹೊತ್ತಿನವರೆಗೆ ನಾನು ಕಪಾಟುಗಳ ಹಿಂದೆ ನಿಂತಿದ್ದೆ. ಆಮೇಲೆ ಶಿವರಂಜಿನಿಯ ಮೇಜಿನ ಹತ್ತಿರ ಹೋಗಿ, ಯಾವಾಗ ಗೊತ್ತಾಯಿತು ಎಂದು ಕೇಳಿದೆ.

‘ಕಾರ್ತಿಕದಲ್ಲಿ ನಿಮ್ಮಮ್ಮ ಕಣ್ ತೋರ್ಸಕ್ಕೆ ಬಂದಿದ್ರಲ್ಲ ಅಣ್ಣ. ಇಂದೆ ನಿಂತಿದ್ದೋರು ಅಂದ್ರು.’

ಕಾರ್ತಿಕ ಎಂದರೆ ಉಡಿಗಾಲದವರ ಮನೆ ಕೇಳಲು ಅವಳು ನನ್ನ ಹತ್ತಿರ ಬರುವುದಕ್ಕೆ ಎರಡು ತಿಂಗಳು ಮುಂಚೆ. ‘ಒಟ್ಟೆಕಿಚ್ಚಿನ್ ಮನೆಯೋನು ಅಂತ ಗೊತ್ತಿದ್ದೂ ನನ್ನ ಕೇಳಕೆ ಯಾಕ್ ಬಂದೆ?’ ಎಂದೆ.

‘ನೀವಲ್ದೆ ಇನ್ಯಾರಿಗ್ ಗೊತ್ತಿತ್ತು?’

‘ಊರೋರೆಲ್ಲರ್ದೂ ಇದ್ದಂಗೇ ಬರ್ದಿದ್ದೀಯಲ್ಲ. ನಮ್ದೊಂದ್ನ ಯಾಕ್ ತಿದ್ದಿದೆ?’

‘ಅವ್ರ್ಯಾರೂ ಈ ಕುರ್ಚೀಲಿ ಕೂರಕಿಲ್ಲ. ನೀವು ಒಂದಿನ ಕೂತೇ ಕೂರ್ತೀರಿ ಅಂತ ಗೊತ್ತಿತ್ತು’ ಎಂದಳು. ಹೇಳಿ ಟಿಫನ್ ಕ್ಯಾರಿಯರಿನ ಮುಚ್ಚಳ ತೆಗೆದು, ನಿಂಬೆಹಣ್ಣಿನ ಚಿತ್ರಾನ್ನ ಇದೆ, ತಿಂತೀರಾ ಎಂದು ಕೇಳಿದಳು. ನಾನು ತಿನ್ನಲಿಲ್ಲ.

ಗುಂಡ್ಲುಪೇಟೆಗೆ ನಾನೇ ಹೋಗುತ್ತೇನೆ ಎಂದು ಸಂಜೆ ಬರೆದುಕೊಟ್ಟೆ. ಈಗ ಎರಡು ವರ್ಷವಾಯಿತು. ನಾನು ಹೋಗುವ ಬಸ್ಸು, ಅವಳು ಬರುವ ಬಸ್ಸು ತೆರಕಣಾಂಬಿಯ ಆಚೀಚೆ ಎದುರಾಗುತ್ತವೆ. ಕಿಟಕಿಯಲ್ಲಿ ಕಂಡರೆ ಕೈ ಎತ್ತುತ್ತಾಳೆ. ಒಮ್ಮೊಮ್ಮೆ ನಾನೂ ಎತ್ತುತ್ತೇನೆ.

ಅವಳ ಬಗ್ಗೆ ಒಳ್ಳೆಯ ಮಾತು ಬರೆಯಿರಿ ಎಂದಿದ್ದೀರಿ. ಅವಳ ಟ್ಯಾಬು, ಅವಳ ಪಟ್ಟಿ, ಅವಳ ವೇಗ, ಇವನ್ನೆಲ್ಲ ನೋಡಿ ಉರಿದುಕೊಂಡಿದ್ದು ಈಗ ಆರಿದೆ. ಕಲಿತರೆ ಅವನ್ನು ನಾನೂ ಕಲಿಯಬಹುದಿತ್ತು. ಆದರೆ ನನ್ನ ಮಾನವನ್ನು ನಾಲ್ಕು ಜನರ ಮುಂದೆ ಮಣ್ಣುಪಾಲು ಮಾಡುವಂಥ ಒಂದು ಮಾತು ನಾಲ್ಕು ತಿಂಗಳು ಅವಳ ಕೈಯಲ್ಲಿತ್ತು. ನನ್ನ ದೆಸೆಯಿಂದ ಮೇಡಂ ಹತ್ತಿರ ಬೈಸಿಕೊಂಡ ದಿನವೂ ಇತ್ತು. ಅವಳು ಅದನ್ನು ಆಡಲಿಲ್ಲ. ಅವಳ ಬಗ್ಗೆ ಅಂಥದೊಂದು ಮಾತು ನನ್ನ ಕೈಗೆ ಸಿಕ್ಕಿದ್ದರೆ ನಾನು ಒಂದು ಗಂಟೆಯೂ ಇಟ್ಟುಕೊಳ್ಳುತ್ತಿರಲಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ನನಗೆ ಈಗ ಅವಳ ಮೇಲೆ ಇರುವ ಹೊಟ್ಟೆಕಿಚ್ಚು ಅದಕ್ಕೇ.